ಇಂಗ್ಲಿಷ್ ಕಥೆಯಲ್ಲಿ ಆಡುಮಾತು: ಸ್ಪೆಲಿಂಗ್ ಮುರಿಯುವ ಮುನ್ನ

ನಮ್ಮಜ್ಜಿ ಹೊಸಿಲು ದಾಟುವಾಗ ‘ಓಯ್ತೀನಿ’ ಅಂದದ್ದನ್ನು ನಾನು ಕೇಳಿಯೇ ಇಲ್ಲ. ‘ಓಗ್ಬುಟ್ಟು ಬತ್ತೀನಿ ಕನ್ಮಗ’ ಅಂತಲೇ ಅನ್ನುತ್ತಿದ್ದಳು. ಅವಳ ಮೇಲೆ ಬರೆದ ಕಥೆಯೊಂದನ್ನು ಮೊದಲ ಸಲ ಇಂಗ್ಲಿಷಿಗೆ ತಂದಾಗ, ಆ ಮಾತಿನ ಸೊಗಡು ಉಳಿಯಲಿ ಎಂದು ಸ್ಪೆಲಿಂಗ್ ಮುರಿದೆ. ‘ಐ’ ಎಂಬ ಒಂದಕ್ಷರದ ಜಾಗದಲ್ಲಿ ಎ-ಎಚ್ ಬರೆದೆ. ‘ಅಂಡ್’ ಪದದ ಡಿ ಕಿತ್ತು ಅಪಾಸ್ಟ್ರಫಿ ಇಟ್ಟೆ. ‘ಚೈಲ್ಡ್’ ಪದದ ಬಾಲವನ್ನೂ ಕತ್ತರಿಸಿದೆ. ಹೊರದೇಶದಲ್ಲಿ ಬೆಳೆದ ಗೆಳತಿಯೊಬ್ಬಳು ಅದನ್ನು ಓದಿ, ‘ಈ ಅಜ್ಜಿ ಅಮೆರಿಕದ ದಕ್ಷಿಣದ ಹತ್ತಿ ಹೊಲದವರಾ?’ ಎಂದು ಕೇಳಿದಳು. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಜೀವ ತೇದವಳನ್ನು ನಾನೇ ಮಿಸಿಸಿಪ್ಪಿಗೆ ಕಳಿಸಿಬಿಟ್ಟಿದ್ದೆ.

ಅಲ್ಲಿಂದಾಚೆ, ಇಂಗ್ಲಿಷಿನಲ್ಲಿ ಬರೆಯುವವರು ಆಡುಮಾತನ್ನು ಕಾಗದಕ್ಕೆ ಹೇಗೆ ಇಳಿಸಿದ್ದಾರೆ, ಎಲ್ಲಿ ಎಡವಿದ್ದಾರೆ ಎಂದು ಹುಡುಕಿ ಓದುತ್ತಾ ಬಂದಿದ್ದೇನೆ. ಇಂಗ್ಲಿಷಿನಲ್ಲಿ ಕಥೆ ಬರೆಯುವ, ಅಥವಾ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವ ನಮ್ಮವರಿಗೆ ಉಪಯೋಗವಾಗಲಿ ಎಂದು ಈ ಹೆಜ್ಜೆಗಳನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಕನ್ನಡದ ಕಿವಿಯನ್ನು ಸ್ವಲ್ಪ ಬದಿಗಿಡಿ

ನಮಗೆ ಆಡಿದ್ದನ್ನು ಹಾಗೇ ಬರೆಯುವುದು ಸುಲಭ. ‘ಹೋಗೋಣ’ ಎನ್ನುವುದನ್ನು ಧಾರವಾಡದವರ ಬಾಯಲ್ಲಿ ‘ಹೋಗೂಣ’ ಎಂದು, ಮಂಡ್ಯದವರ ಬಾಯಲ್ಲಿ ‘ಓಗಾನ’ ಎಂದು, ಕುಂದಾಪುರದವರ ಬಾಯಲ್ಲಿ ‘ಹ್ವಾಪ’ ಎಂದು ಬರೆದರೆ ಓದುವವರಿಗೆ ದನಿ ಕೇಳಿಸುತ್ತದೆ. ಅಕ್ಷರ ಬದಲಾದರೆ ಉಚ್ಚಾರವೂ ಬದಲಾಯಿತು ಎಂದೇ ನಮ್ಮ ಲೆಕ್ಕ.

ಇಂಗ್ಲಿಷಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸುಮಾರು 1400ರಿಂದ 1700ರ ನಡುವೆ ಆ ಭಾಷೆಯ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಬರವಣಿಗೆ ಮಾತ್ರ ಬಹುಪಾಲು ಹಳೆಯ ರೂಪದಲ್ಲೇ ಗಟ್ಟಿಯಾಯಿತು. ‘ನೈಫ್’ ಪದದ ಮೊದಲಿಗೆ ಕೆ ಇದೆ, ಯಾರೂ ಅದನ್ನು ಉಚ್ಚರಿಸುವುದಿಲ್ಲ. ಅಲ್ಲಿ ಎಲ್ಲರ ಉಚ್ಚಾರವೂ ಸ್ಪೆಲಿಂಗಿನಿಂದ ದೂರವೇ, ಪ್ರೊಫೆಸರರದ್ದೂ ಸೇರಿ.

ಈಗ ಒಂದು ಪದವನ್ನು ಹತ್ತಿರದಿಂದ ನೋಡೋಣ. ಡಬ್ಲ್ಯು-ಎ-ಎಸ್. ಶಾಲೆಯಲ್ಲಿ ನಾವು ಇದನ್ನು ‘ವಾಸ್’ ಎಂದು ಓದಿದ್ದೇವೆ. ಆದರೆ ಲಂಡನ್ನಿನ ನ್ಯಾಯಾಧೀಶರಾಗಲಿ, ಅವರ ಮನೆಯ ತೋಟದವನಾಗಲಿ, ಮಾತಿನ ಓಟದಲ್ಲಿ ಅದನ್ನು ‘ವಝ್’ ಎಂದೇ ಅನ್ನುವುದು. ಕಥೆಗಾರ ನ್ಯಾಯಾಧೀಶರ ಮಾತಿನಲ್ಲಿ ಡಬ್ಲ್ಯು-ಎ-ಎಸ್ ಬರೆದು, ತೋಟದವನ ಮಾತಿನಲ್ಲಿ ಡಬ್ಲ್ಯು-ಯು-ಜೆಡ್ ಬರೆದರೆ ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ. ‘ಇವನಿಗೆ ಓದು ಬರಹ ಬರುವುದಿಲ್ಲ’ ಎಂಬ ಹಣೆಪಟ್ಟಿಯೊಂದು ಮಾತ್ರ ತೋಟದವನಿಗೆ ಅಂಟಿತು. ‘ಸೆಡ್’ ಎನ್ನುವುದನ್ನು ಎಸ್-ಇ-ಡಿ ಎಂದು ಬರೆಯುವುದೂ ಇದೇ ಜಾತಿಯದು. ಇಂಥ ಬರವಣಿಗೆಗೆ ಅಮೆರಿಕದ ಭಾಷಾ ವಿದ್ವಾಂಸ ಜಾರ್ಜ್ ಫಿಲಿಪ್ ಕ್ರ್ಯಾಪ್ 1925ರಲ್ಲಿ ‘ಐ ಡಯಲೆಕ್ಟ್’ ಎಂದು ಹೆಸರಿಟ್ಟರು. ಇಲ್ಲಿ ‘ಐ’ ಎಂದರೆ ಕಣ್ಣು. ಕಣ್ಣಿಗಷ್ಟೇ ಆಡುಮಾತಾಗಿ ಕಾಣುವ, ಕಿವಿಗೆ ಏನೂ ಹೊಸತು ಕೊಡದ ಬರಹ.

ಕನ್ನಡದವರು ಈ ಹಳ್ಳಕ್ಕೆ ಬೀಳುವುದು ಬೇರೆಯವರಿಗಿಂತ ಸುಲಭ. ನಾವು ಇಂಗ್ಲಿಷನ್ನೂ ಅಕ್ಷರ ಹಿಡಿದೇ ಓದುತ್ತೇವೆ. ನಮ್ಮ ಬಾಯಲ್ಲಿ ‘ವಾಸ್’ ಮತ್ತು ‘ವಝ್’ ನಿಜಕ್ಕೂ ಎರಡು ಬೇರೆ ಸದ್ದು. ಹಾಗಾಗಿ ಹಳ್ಳಿಯವನ ಉಚ್ಚಾರವನ್ನು ಹಿಡಿದೆ ಎಂದು ನಮಗೆ ಪ್ರಾಮಾಣಿಕವಾಗಿಯೇ ಅನ್ನಿಸುತ್ತದೆ. ನಾನು ಹಾಗೆಯೇ ಅಂದುಕೊಂಡಿದ್ದೆ.

ಎರಡನೆಯ ಹೆಜ್ಜೆ: ಪೆನ್ಸಿಲ್ ಹಿಡಿದು ಜರಡಿ ಹಿಡಿಯಿರಿ

ನಿಮ್ಮ ಕರಡನ್ನು ತೆಗೆಯಿರಿ. ಸ್ಪೆಲಿಂಗ್ ಮುರಿದ ಪ್ರತಿ ಪದಕ್ಕೂ ಒಂದು ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಶಿಷ್ಟ ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಈ ಪದ ಬೇರೆ ರೀತಿ ಕೇಳಿಸುತ್ತದೆಯೇ? ಇಲ್ಲವಾದರೆ ಹಳೆಯ ಸ್ಪೆಲಿಂಗನ್ನು ವಾಪಸು ಹಾಕಿ. ಅನುಮಾನ ಬಂದರೆ ನಿಘಂಟಿನ ಉಚ್ಚಾರ ಸಂಕೇತ ನೋಡಿ, ಸದ್ದಿನ ಗುಂಡಿಯನ್ನೂ ಒತ್ತಿ ಕೇಳಿ.

ಜರಡಿಯಲ್ಲಿ ಉಳಿಯುವುದು ನಿಜವಾದ ವ್ಯತ್ಯಾಸಗಳು. ಪೂರ್ವ ಲಂಡನ್ನಿನ ಕಾಕ್ನಿಯಲ್ಲಿ ‘ಥಿಂಕ್’ ಎನ್ನುವುದು ‘ಫಿಂಕ್’ ಆಗುತ್ತದೆ, ‘ಬ್ರದರ್’ ಎನ್ನುವುದು ‘ಬ್ರವ್ವ’ ಆಗುತ್ತದೆ. ಸ್ಕಾಟ್ಲೆಂಡಿನಲ್ಲಿ ‘ಹೌಸ್’ ಎನ್ನುವುದು ‘ಹೂಸ್’ ಎಂದಾಗುತ್ತದೆ. ಕಾಕ್ನಿಯಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುವುದು ನಮಗೆ ಬೇಗ ಅರ್ಥವಾಗುವ ಸಂಗತಿ. ಹಳೇ ಮೈಸೂರಿನ ಕಡೆ ‘ಹಾಲು’ ‘ಆಲು’ ಆಗುವುದೂ, ‘ಹಾಸನ’ ‘ಆಸನ’ ಆಗುವುದೂ ಅದೇ ತಾನೆ.

ಕೆಲವು ಗುರುತುಗಳು ಮೋಸ ಮಾಡುತ್ತವೆ. ‘ಐಎನ್‌ಜಿ’ಯ ಜಿ ಕಿತ್ತು ಅಪಾಸ್ಟ್ರಫಿ ಇಟ್ಟರೆ ಕೂಲಿಕಾರರ ಮಾತು ಬಂತು ಎಂದು ನಾವು ತಿಳಿಯುತ್ತೇವೆ. ಆದರೆ ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ‘ಹಂಟಿನ್, ಶೂಟಿನ್, ಫಿಶಿನ್’ ಎನ್ನುತ್ತಿದ್ದವರು ದೊಡ್ಡ ಜಮೀನ್ದಾರರೇ. ಅದೇ ಗುರುತು, ಎರಡು ವರ್ಗ. ಯಾವ ಕಾಲದ, ಯಾವ ಊರಿನ ವ್ಯಕ್ತಿ ಎಂಬುದನ್ನು ನಿಗದಿ ಮಾಡಿಕೊಳ್ಳದೆ ಒಂದು ಅಕ್ಷರವನ್ನೂ ಕೀಳಬೇಡಿ.

ಊರು ಗೊತ್ತಾದ ಮೇಲೆ ಕೇಳಿ. ಅಂತರಜಾಲದಲ್ಲಿ ಇದಕ್ಕೆ ಒಳ್ಳೆಯ ಕಣಜಗಳಿವೆ. 1997ರಲ್ಲಿ ಶುರುವಾದ ‘ಇಂಟರ್‌ನ್ಯಾಷನಲ್ ಡಯಲೆಕ್ಟ್ಸ್ ಆಫ್ ಇಂಗ್ಲಿಷ್ ಆರ್ಕೈವ್’ನಲ್ಲಿ ದೇಶವಾರು ಧ್ವನಿಮುದ್ರಿಕೆಗಳಿವೆ. ಇಂಗ್ಲೆಂಡಿನ ಹಳ್ಳಿ ಮಾತಿಗೆ, ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಮತ್ತವರ ಸಂಗಡಿಗರು 1950ರಿಂದ 1961ರವರೆಗೆ 313 ಊರು ಸುತ್ತಿ ಮಾಡಿದ ಸಮೀಕ್ಷೆ ಇದೆ. ಸಿನಿಮಾ ನೋಡಿ ಕಲಿಯಬೇಡಿ. ಅಲ್ಲಿ ನಟರು ಅನುಕರಿಸಿದ್ದನ್ನು ನೀವು ಮತ್ತೆ ಅನುಕರಿಸಿದಂತಾಗುತ್ತದೆ.

ಮೂರನೆಯ ಹೆಜ್ಜೆ: ಮೊದಲು ನುಡಿಗಟ್ಟು, ಆಮೇಲೆ ಉಚ್ಚಾರ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಇದು ನನ್ನ ಮಾತಲ್ಲ, ಕವಿ ಸ್ಟರ್ಲಿಂಗ್ ಬ್ರೌನ್ ಅವರದು.

1936ರಿಂದ 1938ರವರೆಗೆ ಅಮೆರಿಕ ಸರ್ಕಾರದ ‘ಫೆಡರಲ್ ರೈಟರ್ಸ್ ಪ್ರಾಜೆಕ್ಟ್’ 17 ರಾಜ್ಯಗಳಲ್ಲಿ, ಹಿಂದೆ ಗುಲಾಮರಾಗಿದ್ದ ಹಿರಿಯರನ್ನು ಹುಡುಕಿ ಮಾತಾಡಿಸಿತು. 2,300ಕ್ಕೂ ಹೆಚ್ಚು ಜನರ ನೆನಪುಗಳು ಹೀಗೆ ಬರಹಕ್ಕೆ ಬಂದವು. ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರು. ಹಿರಿಯರ ಮಾತನ್ನು ತಮಗೆ ತೋಚಿದ ಸ್ಪೆಲಿಂಗಿನಲ್ಲಿ, ಆ ಕಾಲದ ನಗೆನಾಟಕಗಳ ಕಪ್ಪು ಪಾತ್ರಗಳ ಮಾತಿನ ಧಾಟಿಯಲ್ಲಿ ಬರೆದು ಕಳಿಸಿದವರು ಬಹಳ ಮಂದಿ. ಯೋಜನೆಯಲ್ಲಿ ಕಪ್ಪು ಜನರ ವಿಷಯದ ಸಂಪಾದಕರಾಗಿದ್ದ ಬ್ರೌನ್ 1937ರಲ್ಲಿ ಒಂದು ಸೂಚನಾಪತ್ರ ಕಳಿಸಿದರು. ನುಡಿಗಟ್ಟಿಗೆ ನಿಷ್ಠೆ ಮೊದಲು, ಉಚ್ಚಾರಕ್ಕೆ ನಿಷ್ಠೆ ಆಮೇಲೆ ಎಂಬುದು ಅದರ ತಿರುಳು. ಬಳಸಬಾರದ ಸ್ಪೆಲಿಂಗುಗಳ ಪಟ್ಟಿಯನ್ನೂ ಕೊಟ್ಟರು. ‘ಐ’ಗೆ ಬದಲು ಎ-ಎಚ್ ಬೇಡ, ಡಬ್ಲ್ಯು-ಎ-ಎಸ್‌ಗೆ ಬದಲು ಡಬ್ಲ್ಯು-ಯು-ಜೆಡ್ ಬೇಡ. ನಾನು ಅಜ್ಜಿಗೆ ಹಚ್ಚಿದ್ದ ಎ-ಎಚ್ ಆ ಪಟ್ಟಿಯಲ್ಲಿ ಕಂಡಾಗ ಬಹಳ ಹೊತ್ತು ಪುಟ ತಿರುಗಿಸಲಾಗಲಿಲ್ಲ.

ಗುಲಾಮಗಿರಿಯನ್ನು ಕಂಡುಂಡವರ ಮಾತನ್ನು ಓದುವಾಗ, ಅವರು ಹೇಳುತ್ತಿರುವ ಸಂಕಟಕ್ಕಿಂತ ಮುರಿದ ಸ್ಪೆಲಿಂಗೇ ಮೊದಲು ಕಣ್ಣಿಗೆ ಬಡಿದರೆ ಆ ಬರಹ ಯಾರಿಗೆ ನ್ಯಾಯ ಮಾಡಿತು?

ಹಾಗಾದರೆ ನುಡಿಗಟ್ಟು ಎಂದರೆ ಏನೇನು? ಪದ, ವ್ಯಾಕರಣ, ಮಾತಿನ ಲಯ. ಯಾರ್ಕ್‌ಶೈರಿನವರು ‘ನಥಿಂಗ್’ ಬದಲು ‘ನೌಟ್’, ‘ಎನಿಥಿಂಗ್’ ಬದಲು ‘ಔಟ್’ ಎನ್ನುತ್ತಾರೆ. ಇವು ಸ್ಪೆಲಿಂಗ್ ಕೆಡಿಸಿದ ರೂಪಗಳಲ್ಲ, ಅವರದೇ ಹಳೆಯ ಪದಗಳು. ಐರ್ಲೆಂಡಿನಲ್ಲಿ ‘ಐಯಾಮ್ ಆಫ್ಟರ್ ಈಟಿಂಗ್ ಮೈ ಡಿನ್ನರ್’ ಎಂದರೆ ‘ಈಗ ತಾನೇ ಊಟ ಮುಗಿಸಿದೆ’ ಎಂದರ್ಥ. ಐರಿಷ್ ಭಾಷೆಯ ವಾಕ್ಯದ ಬಗೆ ಇಂಗ್ಲಿಷಿನೊಳಗೆ ಬಂದು ಕೂತದ್ದು ಇದು. ಇದರಲ್ಲಿ ಒಂದು ಸ್ಪೆಲಿಂಗೂ ಮುರಿದಿಲ್ಲ, ಆದರೂ ಓದಿದ ಕೂಡಲೇ ಊರು ಗೊತ್ತಾಗುತ್ತದೆ.

ಅಮೆರಿಕದ ಕಪ್ಪು ಜನರ ಇಂಗ್ಲಿಷಿನಲ್ಲಿ ‘ಶಿ ವರ್ಕಿಂಗ್’ ಮತ್ತು ‘ಶಿ ಬಿ ವರ್ಕಿಂಗ್’ ಎಂಬ ಎರಡು ರೂಪಗಳಿವೆ. ಮೊದಲನೆಯದು ಈ ಹೊತ್ತಿನ ಮಾತು, ಎರಡನೆಯದು ರೂಢಿಯ ಮಾತು. ಶಿಷ್ಟ ಇಂಗ್ಲಿಷಿನವರು ಎರಡನ್ನೂ ತಪ್ಪು ವ್ಯಾಕರಣ ಎಂದು ತಳ್ಳಿಬಿಡುತ್ತಿದ್ದರು. ನಮಗಾದರೆ ಇದು ‘ಕೆಲಸ ಮಾಡ್ತಿದ್ದಾಳೆ’ ಮತ್ತು ‘ಕೆಲಸ ಮಾಡ್ತಿರ್ತಾಳೆ’ ಎಂಬುದರ ನಡುವಿನ ವ್ಯತ್ಯಾಸ. ಈ ನಿಯಮ ತಿಳಿಯದೆ ಸಿಕ್ಕಸಿಕ್ಕಲ್ಲಿ ‘ಬಿ’ ತುರುಕಿ ಬರೆದ ಸಂಭಾಷಣೆಯನ್ನು ಆ ಮಾತಿನವರು ಮೊದಲ ಸಾಲಿನಲ್ಲೇ ಪತ್ತೆ ಹಚ್ಚುತ್ತಾರೆ. ‘ಅವಳು ಈಗ ಕೆಲಸ ಮಾಡ್ತಿರ್ತಾಳೆ ನೋಡು, ಅಲ್ಲಿ’ ಎಂದು ಯಾರಾದರೂ ಬರೆದರೆ ನಮ್ಮ ಕಿವಿಗೆ ಹೇಗೆ ಒಗರಾಗುತ್ತದೋ ಹಾಗೆ.

ಟ್ರಿನಿಡಾಡಿನ ಸ್ಯಾಮ್ ಸೆಲ್ವಾನ್ ಅವರ 1956ರ ‘ದ ಲೋನ್ಲಿ ಲಂಡನರ್ಸ್’ ಕಾದಂಬರಿಯನ್ನು ಈ ಕಣ್ಣಿನಿಂದ ಓದಿ. ಲಂಡನ್ನಿಗೆ ವಲಸೆ ಬಂದ ಕೆರಿಬಿಯನ್ ಹುಡುಗರ ಕಥೆ. ಪಾತ್ರಗಳಷ್ಟೇ ಅಲ್ಲ, ನಿರೂಪಕನೂ ಅದೇ ಆಡುಮಾತಿನಲ್ಲಿ ಕಥೆ ಹೇಳುತ್ತಾನೆ. ಸ್ಪೆಲಿಂಗ್ ಬಹುಪಾಲು ಎಲ್ಲರ ಸ್ಪೆಲಿಂಗೇ. ಕ್ರಿಯಾಪದದ ರೂಪ, ಪದಗಳ ಸಾಲು, ಓಟ, ಇವು ಟ್ರಿನಿಡಾಡಿನವು. ನಿರೂಪಕ ಮೇಲೆ, ಪಾತ್ರ ಕೆಳಗೆ ಎಂಬ ಮೆಟ್ಟಿಲೇ ಅಲ್ಲಿ ಇಲ್ಲ.

ನಾಲ್ಕನೆಯ ಹೆಜ್ಜೆ: ಎರಡೋ ಮೂರೋ ಸದ್ದು ಸಾಕು

ಉಚ್ಚಾರವನ್ನು ಪೂರ್ತಿ ತೋರಿಸಲು ಹೊರಟವರು ಓದುಗರನ್ನು ಕಳೆದುಕೊಂಡಿದ್ದಾರೆ. ಎಮಿಲಿ ಬ್ರಾಂಟಿ 1847ರಲ್ಲಿ ‘ವದರಿಂಗ್ ಹೈಟ್ಸ್’ ಪ್ರಕಟಿಸಿದಾಗ ಮುದಿ ಆಳು ಜೋಸೆಫನ ಮಾತನ್ನು ಯಾರ್ಕ್‌ಶೈರಿನಲ್ಲಿ ಕೇಳಿದ ಹಾಗೇ ಬರೆದಿದ್ದರು. ಮರುವರ್ಷ ಎಮಿಲಿ ತೀರಿಕೊಂಡರು. 1850ರ ಆವೃತ್ತಿಯನ್ನು ಸಿದ್ಧಪಡಿಸಿದ ಅಕ್ಕ ಶಾರ್ಲಟ್ ಆ ಸ್ಪೆಲಿಂಗನ್ನು ಸಡಿಲ ಮಾಡಿದರು. ಯಾರ್ಕ್‌ಶೈರಿನ ಕಿವಿಗೆ ಅದು ಕರಾರುವಾಕ್ಕು, ಆದರೆ ದಕ್ಷಿಣದವರಿಗೆ ಒಂದು ಅಕ್ಷರವೂ ತಿಳಿಯದು ಎಂಬುದು ಅವರ ಕಾರಣ. ತಂಗಿ ಬರೆದದ್ದನ್ನು ಮುಟ್ಟಬಾರದಿತ್ತು ಎನ್ನುವವರು ಇಂದಿಗೂ ಇದ್ದಾರೆ, ಎಷ್ಟೋ ಆಧುನಿಕ ಆವೃತ್ತಿಗಳು ಎಮಿಲಿಯ ಸ್ಪೆಲಿಂಗಿಗೇ ಮರಳಿವೆ. ಆದರೆ ಶಾರ್ಲಟ್ ಎತ್ತಿದ ಪ್ರಶ್ನೆ ಬರೆಯುವ ಪ್ರತಿಯೊಬ್ಬರ ಮುಂದೂ ಇದೆ.

ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕದ ಮೊದಲ ಅಂಕದಲ್ಲಿ ಹೂ ಮಾರುವ ಹುಡುಗಿಯ ಮಾತು ಕೆಲವು ಸಾಲು ಕಾಕ್ನಿ ಸ್ಪೆಲಿಂಗಿನಲ್ಲೇ ಬರುತ್ತದೆ. ಅಲ್ಲಿಗೆ ಶಾ ಕಂಸದಲ್ಲಿ ಕ್ಷಮೆ ಕೇಳಿ, ಧ್ವನಿಲಿಪಿಯಿಲ್ಲದೆ ಇದನ್ನು ಬರೆಯುವ ಪ್ರಯತ್ನವನ್ನು ಕೈಬಿಡುತ್ತೇನೆ, ಲಂಡನ್ನಿನಾಚೆ ಯಾರಿಗೂ ಅರ್ಥವಾಗದು ಎನ್ನುತ್ತಾರೆ. ಮುಂದಿನ ಮಾತೆಲ್ಲ ಹೆಚ್ಚುಕಡಿಮೆ ಸಾಮಾನ್ಯ ಸ್ಪೆಲಿಂಗಿನಲ್ಲಿದೆ, ಆದರೂ ಆ ಮೊದಲ ಸಾಲುಗಳ ದನಿ ನಮ್ಮ ಕಿವಿಯಲ್ಲಿ ಕೊನೆತನಕ ಇರುತ್ತದೆ. ಇದು ಕಲಿಯಬೇಕಾದ ಉಪಾಯ: ಪಾತ್ರದ ಮೊದಲ ಮಾತಿನಲ್ಲಿ ದನಿಯನ್ನು ಸ್ವಲ್ಪ ಗಟ್ಟಿಯಾಗಿ ಕೇಳಿಸಿ, ಆಮೇಲೆ ಹಿಂದೆ ಸರಿಯಿರಿ. (ಶಾ ಇಂಗ್ಲಿಷಿಗೆ ಹೊಸ ಲಿಪಿ ಬೇಕೆಂದು ಉಯಿಲಿನಲ್ಲಿ ಹಣ ಇಟ್ಟು ಹೋದರು. 1962ರಲ್ಲಿ ಅವರದೊಂದು ನಾಟಕ ಆ ಹೊಸ ಲಿಪಿಯಲ್ಲಿ ಅಚ್ಚಾಯಿತು. ಸದ್ದಿಗೊಂದು ಅಕ್ಷರ ಇರುವ ಭಾಷೆಯಲ್ಲಿ ಬೆಳೆದ ನಮಗೆ ಅವರ ಹಂಬಲ ಅರ್ಥವಾಗುತ್ತದೆ.)

ಆರಿಸಿದ ಎರಡು ಮೂರು ಗುರುತುಗಳು ಎಲ್ಲ ಕಡೆ ಒಂದೇ ಥರ ಇರಲಿ. ಒಂದು ಪುಟದಲ್ಲಿ ಹಕಾರ ಬಿದ್ದು, ಮುಂದಿನ ಪುಟದಲ್ಲಿ ಎದ್ದು ನಿಲ್ಲಬಾರದು.

ಅಪಾಸ್ಟ್ರಫಿಯ ಬಗ್ಗೆ ಒಂದು ಮಾತು. ಸ್ಕಾಟ್ಸ್ ಬರವಣಿಗೆಯಲ್ಲಿ ‘ವಿತ್’ ಎಂಬ ಅರ್ಥದ ‘ವಿ’ ಪದದ ಕೊನೆಗೆ ಅಪಾಸ್ಟ್ರಫಿ ಇಡುವ ರೂಢಿ ಹದಿನೆಂಟನೇ ಶತಮಾನದಲ್ಲಿ ಬೇರೂರಿತು. ಇಲ್ಲಿ ಏನೋ ಬಿದ್ದುಹೋಗಿದೆ ಎಂದು ಇಂಗ್ಲಿಷ್ ಓದುಗರಿಗೆ ಹೇಳುವ ಚಿಹ್ನೆ ಅದು. ಆದರೆ ಸ್ಕಾಟ್ಸ್ ಮಾತಿನವರ ಪಾಲಿಗೆ ಅಲ್ಲಿ ಏನೂ ಬಿದ್ದಿಲ್ಲ, ಪದ ಇರುವುದೇ ಹಾಗೆ. ಅದಕ್ಕೇ ಅದನ್ನು ‘ಕ್ಷಮೆ ಕೇಳುವ ಅಪಾಸ್ಟ್ರಫಿ’ ಎಂದು ಕರೆದರು, 1947ರಲ್ಲಿ ಸ್ಕಾಟ್ಸ್ ಕವಿಗಳು ಮಾಡಿಕೊಂಡ ಸ್ಪೆಲಿಂಗ್ ಒಪ್ಪಂದ ಅದನ್ನು ಕೈಬಿಡಲು ಹೇಳಿತು. ಒಂದು ಸಾಲಿನಲ್ಲಿ ಮೂರು ಅಪಾಸ್ಟ್ರಫಿ ಕಂಡರೆ ನಾನು ನಿಂತು ನೋಡುತ್ತೇನೆ: ಇದು ದನಿಯೋ, ಕೊರತೆಯ ಪಟ್ಟಿಯೋ?

ಐದನೆಯ ಹೆಜ್ಜೆ: ಯಾರ ಮಾತನ್ನು ಮುರಿದಿದ್ದೀರಿ ಎಂದು ಎಣಿಸಿ

ಪಾತ್ರಗಳ ಹೆಸರು ಬರೆದು, ಪ್ರತಿಯೊಬ್ಬರ ಎದುರು ಎಷ್ಟು ಕಡೆ ಸ್ಪೆಲಿಂಗ್ ಮುರಿದಿದೆ ಎಂದು ಗೆರೆ ಹಾಕಿ. ಗೆರೆಗಳೆಲ್ಲ ಬಡವರ, ಕಪ್ಪು ಜನರ, ಕೆಲಸದವರ ಎದುರಿಗೇ ಬಿದ್ದಿದ್ದರೆ ಕರಡಿನಲ್ಲಿ ದೋಷವಿದೆ. ಭಾಷಾವಿಜ್ಞಾನಿ ಡೆನಿಸ್ ಪ್ರೆಸ್ಟನ್ 1982ರಲ್ಲಿ ಜನಪದ ಸಂಗ್ರಹಕಾರರ ಬರಹಗಳ ಬಗ್ಗೆ ಇದೇ ಆಕ್ಷೇಪ ಎತ್ತಿದರು. ಸಂಗ್ರಹಕಾರರೂ ಮಾತಿನಲ್ಲಿ ಪದ ನುಂಗುತ್ತಾರೆ, ಆದರೆ ಅವರ ಪ್ರಶ್ನೆ ಮಾತ್ರ ಅಚ್ಚುಕಟ್ಟಾದ ಸ್ಪೆಲಿಂಗಿನಲ್ಲಿ ಅಚ್ಚಾಗುತ್ತದೆ.

ಆಡುಮಾತನ್ನು ತುಂಬಾ ಬಳಸಿಯೂ ಗೌರವ ಉಳಿಸಬಹುದು ಎಂಬುದಕ್ಕೆ ಜೋರಾ ನೀಲ್ ಹರ್ಸ್ಟನ್ ಇದ್ದಾರೆ. ಫ್ಲಾರಿಡಾದ ಕಪ್ಪು ಜನರ ಊರಾದ ಈಟನ್‌ವಿಲ್‌ನಲ್ಲಿ ಬೆಳೆದು, ಮಾನವಶಾಸ್ತ್ರ ಓದಿ, ಜನಪದ ಕಥೆ ಸಂಗ್ರಹಿಸಿದವರು. ಅವರ 1937ರ ಕಾದಂಬರಿಯ ಸಂಭಾಷಣೆಯ ತುಂಬ ಮುರಿದ ಸ್ಪೆಲಿಂಗಿದೆ. ಬಿಳಿಯರನ್ನು ನಗಿಸುವ ಬರಹ ಎಂದು ಕಪ್ಪು ಲೇಖಕ ರಿಚರ್ಡ್ ರೈಟ್ ಆಗ ಕಟುವಾಗಿ ಟೀಕಿಸಿದ್ದರು. ನನಗೆ ರೈಟ್ ಅವರ ಆತಂಕ ಅರ್ಥವಾಗುತ್ತದೆ, ತೀರ್ಪು ಒಪ್ಪಿಗೆಯಾಗುವುದಿಲ್ಲ. ಹರ್ಸ್ಟನ್ ಅವರ ಜನ ಆ ಮಾತಿನಲ್ಲೇ ಪ್ರೀತಿಸುತ್ತಾರೆ, ತತ್ವ ಹೇಳುತ್ತಾರೆ, ಜಗಳವಾಡುತ್ತಾರೆ. ಆ ಮಾತು ನಗಿಸಲಿಕ್ಕೆ ಮಾತ್ರ ಬರುವುದಲ್ಲ. ನಿಮ್ಮ ಕರಡಿನಲ್ಲೂ ಇದನ್ನು ನೋಡಿ: ಆಡುಮಾತಿನ ಪಾತ್ರಕ್ಕೆ ಗಂಭೀರ ಮಾತಾಡುವ ಒಂದು ಸಂದರ್ಭವಾದರೂ ಇದೆಯೇ?

ಆರನೆಯ ಹೆಜ್ಜೆ: ‘ಆರ್’ ಅಕ್ಷರದ ಬಗ್ಗೆ ಎಚ್ಚರ

ಇದು ಚಿಕ್ಕದು, ಆದರೆ ನಮ್ಮವರು ಪದೇ ಪದೇ ತಪ್ಪುವ ಜಾಗ. ಬ್ರಿಟಿಷ್ ಕಾದಂಬರಿಗಳಲ್ಲಿ ಮಾತು ತಡವರಿಸುವಾಗ ಇ-ಆರ್ ಎಂದು ಬರೆದಿರುತ್ತಾರೆ. ನಾವು ‘ಎರ್’ ಎಂದು ಓದುತ್ತೇವೆ. ಲಂಡನ್ನಿನವರ ಬಾಯಲ್ಲಿ ಅಲ್ಲಿ ರಕಾರವೇ ಇಲ್ಲ, ಬರೀ ಎಳೆದ ‘ಅ’ ಇದೆ. ಕಾಕ್ನಿಯ ‘ಗೋ ಆನ್’ ಎಂಬುದನ್ನು ಜಿ-ಎ-ಆರ್-ಎನ್ ಎಂದು ಬರೆಯುವಾಗಲೂ ಅಷ್ಟೆ, ಆರ್ ಬರೀ ದೀರ್ಘದ ಗುರುತು, ಉಚ್ಚಾರ ‘ಗಾನ್’. ‘ಮ್ಯಾನ್ಮಾರ್’ ಎಂಬ ಹೆಸರಿನ ಕೊನೆಗೆ ರಕಾರ ಅಂಟಿಕೊಂಡದ್ದು ಹೀಗೆಯೇ. ಅಮೆರಿಕನ್ನರು, ಸ್ಕಾಟ್‌ಲೆಂಡಿನವರು, ನಾವು, ಎಲ್ಲರೂ ಆರ್ ಕಂಡರೆ ಉಚ್ಚರಿಸುವವರು. ಆದ್ದರಿಂದ ಸ್ವರವನ್ನು ಎಳೆದು ತೋರಿಸಲು ಆರ್ ಬಳಸಬೇಡಿ.

ಏಳನೆಯ ಹೆಜ್ಜೆ: ನಮ್ಮ ಊರಿನವರಿಗೆ ಬೇರೆ ಊರಿನ ಬಾಯಿ ಕೊಡಬೇಡಿ

ಧಾರವಾಡದ ಗೌಡರನ್ನು ಯಾರ್ಕ್‌ಶೈರಿನವರಂತೆ, ಮಂಡ್ಯದ ಅಜ್ಜಿಯನ್ನು ಅಲಬಾಮದವಳಂತೆ ಮಾತಾಡಿಸಿದರೆ ಓದುಗರ ಕಣ್ಣ ಮುಂದೆ ಯಾರ್ಕ್‌ಶೈರ್, ಅಲಬಾಮಗಳೇ ಬಂದು ನಿಲ್ಲುತ್ತವೆ. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲೇ ಬೇರೆ ದಾರಿ ತೋರಿಸಿದರು. ‘ಕಾಂತಾಪುರ’ದ ಕಥೆ ಹೇಳುವವಳು ನಮ್ಮ ಮಲೆನಾಡಿನ ಅಜ್ಜಿ. ‘ಮತ್ತೆ’, ‘ಮತ್ತೆ’ ಎಂದು ಕೊಂಡಿ ಹಾಕುತ್ತಾ ಸಾಗುವ ಉದ್ದುದ್ದ ವಾಕ್ಯಗಳು, ‘ವಾಟರ್‌ಫಾಲ್ ವೆಂಕಮ್ಮ’, ‘ಕಾರ್ನರ್‌ಹೌಸ್ ಮೂರ್ತಿ’ ಎಂಬಂಥ ನಮ್ಮ ಊರಿನ ಹೆಸರಿಡುವ ಬಗೆ. ದನಿ ಪೂರ್ತಿ ನಮ್ಮದು, ಅದಕ್ಕಾಗಿ ಸ್ಪೆಲಿಂಗ್ ಕೆಡಿಸುವ ಅಗತ್ಯವೇ ಬೀಳಲಿಲ್ಲ.

ನನ್ನ ಅಜ್ಜಿಯ ವಾಕ್ಯಕ್ಕೆ ವಾಪಸು ಬರುತ್ತೇನೆ. ಅದರ ಜೀವ ಹಕಾರ ಬಿದ್ದ ‘ಓಗ್ಬುಟ್ಟು’ವಿನಲ್ಲಿಲ್ಲ, ಹೊಸಿಲ ಮೇಲೆ ‘ಹೋಗ್ತೀನಿ’ ಎಂದಷ್ಟೇ ಹೇಳಬಾರದು ಎಂಬ ನಂಬಿಕೆಯಲ್ಲಿದೆ. ಹೋಗಿ ಬರುವ ಭರವಸೆಯನ್ನು ಹೇಳಿಯೇ ಹೊರಡಬೇಕು. ಎರಡನೆಯ ಸಲ ‘ಐ ವಿಲ್ ಗೋ ಅಂಡ್ ಕಮ್, ಮಗ’ ಎಂದು ಬರೆದೆ. ಶಿಷ್ಟ ಇಂಗ್ಲಿಷಿನಲ್ಲಿ ಹೀಗೆ ಯಾರೂ ಹೇಳುವುದಿಲ್ಲ, ಪ್ರತಿ ಪದದ ಸ್ಪೆಲಿಂಗೂ ಸರಿಯಾಗಿದೆ, ಹೇಳುತ್ತಿರುವವಳು ಅಜ್ಜಿ. ‘ಮಗ’ ಎಂಬುದನ್ನು ಹಾಗೇ ಬಿಟ್ಟೆ. ಮೊಮ್ಮಗಳನ್ನೂ ‘ಮಗ’ ಎನ್ನುವ ಆ ಸಲುಗೆಗೆ ಇಂಗ್ಲಿಷಿನಲ್ಲಿ ಪದ ಸಿಗಲಿಲ್ಲ.

ಕೊನೆಯ ಹೆಜ್ಜೆ: ಗಟ್ಟಿಯಾಗಿ ಓದಿಸಿ, ಒಂದು ಹಾಳೆ ಜೊತೆಗಿಡಿ

ಬರೆದದ್ದನ್ನು ಆ ಆಡುಮಾತಿನವರೊಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ನೀವು ಓದಿ ಕೇಳಿಸಬೇಡಿ, ನಿಮ್ಮ ಬಾಯಿ ತಪ್ಪನ್ನು ಮುಚ್ಚಿಬಿಡುತ್ತದೆ. ಅವರು ತಡವರಿಸಿದ ಪದಕ್ಕೆ ಗುರುತು ಹಾಕಿ, ಅಲ್ಲಿ ಸಾಮಾನ್ಯ ಸ್ಪೆಲಿಂಗ್ ಹಾಕಿ. ಮುಖ ಗಂಟಿಕ್ಕಿದರೆ ಕಾರಣ ಕೇಳಿ, ವಾದ ಮಾಡಬೇಡಿ.

ಆಮೇಲೆ ಬೇಕೆಂದೇ ಉಳಿಸಿಕೊಂಡ ರೂಪಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕರಡಿನ ಮೇಲಿಡಿ. ಇಲ್ಲದಿದ್ದರೆ ಕಂಪ್ಯೂಟರೋ, ಕರಡು ತಿದ್ದುವವರೋ ಅರ್ಧದಷ್ಟನ್ನು ಸರಿಪಡಿಸಿ, ಇನ್ನರ್ಧ ಬಿಟ್ಟು, ಎಲ್ಲ ಕಲಸುಮೇಲೋಗರ ಮಾಡುತ್ತಾರೆ. ಅಜ್ಜಿಯ ಕಥೆಗೆ ನಾನು ಮಾಡಿದ ಹಾಳೆಯಲ್ಲಿ ನಾಲ್ಕೇ ಸಾಲು ಇತ್ತು. ‘ಮಗ’ ಪದ ಓರೆ ಅಕ್ಷರದಲ್ಲಿ ಬೇಡ, ಅಡಿಟಿಪ್ಪಣಿಯೂ ಬೇಡ. ‘ಗೋ ಅಂಡ್ ಕಮ್’ ತಿದ್ದಬಾರದು. ಅಜ್ಜಿಯ ಉದ್ದ ವಾಕ್ಯಗಳನ್ನು ತುಂಡು ಮಾಡಬಾರದು. ಅಪಾಸ್ಟ್ರಫಿ ಎಲ್ಲಿಯೂ ಸೇರಿಸಬಾರದು.